ಕನ್ಸ್ಯೂಮರ್ ಬಾಕಿ ಮುಗಿಸಿತು ಅಂತ ಖಚಿತವಾಗಿ ತಿಳಿಯುವುದು ಹೇಗೆ?

"ಕ್ಯೂನಲ್ಲಿ ಇದ್ದದ್ದನ್ನೆಲ್ಲ ನನ್ನ ಕನ್ಸ್ಯೂಮರ್ ಓದಿ ಮುಗಿಸಿತಾ ಅಂತ ಕೋಡ್‌ನಲ್ಲಿ ಹೇಗೆ ತಿಳಿಯೋದು?" ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. (ಕನ್ಸ್ಯೂಮರ್ ಅಂದರೆ ಕ್ಯೂನಿಂದ ಮೆಸೇಜ್ ತೆಗೆದು ಓದುವ ಪ್ರೋಗ್ರಾಂ.) ಒಬ್ಬರ ಸರ್ವಿಸ್ ಹಳೆಯ ಮೆಸೇಜ್‌ಗಳನ್ನೆಲ್ಲ ಓದಿ ಕ್ಯಾಶ್ ತುಂಬಿಕೊಂಡ ಮೇಲಷ್ಟೇ ಟ್ರಾಫಿಕ್ ತೆಗೆದುಕೊಳ್ಳಬೇಕು. ಇನ್ನೊಬ್ಬರು ಹಳೆಯ ಸಿಸ್ಟಂ ನಿಲ್ಲಿಸಿ ಹೊಸದಕ್ಕೆ ಹೋಗಬೇಕು, ಅದಕ್ಕೂ ಮುಂಚೆ ಹಳೆಯ ಕ್ಯೂನಲ್ಲಿ ಏನೂ ಉಳಿದಿರಬಾರದು. ಮತ್ತೊಬ್ಬರ ಟೆಸ್ಟ್ ಒಂದು ದಿನ ಪಾಸ್ ಆಗುತ್ತದೆ, ಮರುದಿನ ಫೇಲ್ ಆಗುತ್ತದೆ.

ಬಹಳ ಜನ ಮೊದಲು ಬರೆಯುವ ಕೋಡ್ ಒಂದೇ ತರಹ ಇರುತ್ತದೆ: ಪೋಲ್ ಮಾಡಿದಾಗ (ಹೊಸ ಮೆಸೇಜ್ ಇದೆಯಾ ಅಂತ ಕೇಳಿದಾಗ) ಏನೂ ಬರಲಿಲ್ಲ ಅಂದರೆ ಮುಗಿಯಿತು. ಅದು ಯಾಕೆ ಸಾಲದು, ಅದರ ಬದಲು ಏನು ಮಾಡಬೇಕು ಅನ್ನೋದನ್ನ ಹಂತ ಹಂತವಾಗಿ ನೋಡೋಣ. ಹೆಚ್ಚಿನ ವಿವರ ಮೆಸೇಜ್ ಸಾಗಿಸುವ ಕಾಫ್ಕಾ ಅನ್ನುವ ಸಿಸ್ಟಂ ಬಗ್ಗೆಯೇ ಇದೆ, ಯಾಕೆಂದರೆ ಗೊಂದಲ ಜಾಸ್ತಿ ಇರೋದು ಅಲ್ಲೇ. ರ್ಯಾಬಿಟ್‌ಎಂಕ್ಯೂ, ಅಮೆಜಾನ್ ಎಸ್‌ಕ್ಯೂಎಸ್ ಮುಂತಾದವು 5ನೇ ಹಂತದಲ್ಲಿ ಬರುತ್ತವೆ.

ಮೊದಲು ನಾಲ್ಕು ಪದಗಳು

ಪಾರ್ಟಿಷನ್: ಕಾಫ್ಕಾ ಟಾಪಿಕ್‌ನ (ಹೆಸರಿಟ್ಟ ಒಂದು ಮೆಸೇಜ್ ಸಾಲಿನ) ಒಂದು ಭಾಗ. ಮೆಸೇಜ್‌ಗಳ ಕ್ರಮ ಗ್ಯಾರಂಟಿ ಇರೋದು ಒಂದು ಪಾರ್ಟಿಷನ್ ಒಳಗೆ ಮಾತ್ರ.

ಆಫ್‌ಸೆಟ್: ಪಾರ್ಟಿಷನ್‌ನಲ್ಲಿ ಪ್ರತಿ ಮೆಸೇಜ್‌ಗೆ ಸಿಗುವ ಕ್ರಮಸಂಖ್ಯೆ. ಎಂಡ್ ಆಫ್‌ಸೆಟ್ ಅಂದರೆ ಕೊನೆಯ ಮೆಸೇಜ್‌ನ ಸಂಖ್ಯೆ ಅಲ್ಲ, ಅದರ ಮುಂದಿನ ಸಂಖ್ಯೆ. ಈ ಒಂದರ ವ್ಯತ್ಯಾಸ ನೆನಪಿರಲಿ.

ಕಮಿಟ್: "ಇಲ್ಲಿಯವರೆಗೆ ನನ್ನ ಕೆಲಸ ಆಯಿತು" ಅಂತ ಕನ್ಸ್ಯೂಮರ್ ಬ್ರೋಕರ್‌ನಲ್ಲಿ (ಮೆಸೇಜ್‌ಗಳನ್ನು ಇಟ್ಟುಕೊಂಡು ಹಂಚುವ ಸರ್ವರ್‌ನಲ್ಲಿ) ಬರೆದಿಡುವ ಗುರುತು. ಇದು ಕೂಡ ಮುಂದೆ ಓದಬೇಕಾದ ಸಂಖ್ಯೆಯೇ.

ಲ್ಯಾಗ್: ಎಂಡ್ ಆಫ್‌ಸೆಟ್‌ನಿಂದ ಕಮಿಟ್ ಆದ ಆಫ್‌ಸೆಟ್ ಕಳೆದರೆ ಉಳಿಯುವ ಬಾಕಿ.

ಹಂತ 1: ನಿಮ್ಮ ಪ್ರಶ್ನೆ ಯಾವುದು ಅಂತ ತೀರ್ಮಾನಿಸಿ

"ಮುಗಿಯಿತಾ?" ಅನ್ನುವುದರ ಒಳಗೆ ಮೂರು ಬೇರೆ ಪ್ರಶ್ನೆಗಳಿವೆ.

ಒಂದು, ನಾನು ಶುರು ಮಾಡಿದ ಕ್ಷಣದಲ್ಲಿ ಕ್ಯೂನಲ್ಲಿ ಇದ್ದದ್ದೆಲ್ಲ ಮುಗಿಯಿತಾ? ಕ್ಯಾಶ್ ತುಂಬುವವರ ಪ್ರಶ್ನೆ ಇದು.

ಎರಡು, ಕ್ಯೂನಲ್ಲಿ ಇನ್ನು ಏನೂ ಇಲ್ಲ, ಮುಂದೆ ಬರುವುದೂ ಇಲ್ಲ ಅಂತ ಹೇಳಬಹುದಾ? ಸಿಸ್ಟಂ ನಿಲ್ಲಿಸುವವರ ಪ್ರಶ್ನೆ. ಪ್ರೊಡ್ಯೂಸರ್, ಅಂದರೆ ಮೆಸೇಜ್ ಕಳಿಸುವ ಪ್ರೋಗ್ರಾಂ, ನಿಲ್ಲಿಸದೆ ಇದಕ್ಕೆ ಉತ್ತರವೇ ಇಲ್ಲ. ನೀವು ಸೊನ್ನೆ ನೋಡಿದ ಮರುಕ್ಷಣ ಹೊಸ ಮೆಸೇಜ್ ಬಂದರೆ ಆ ಸೊನ್ನೆಗೆ ಬೆಲೆ ಇಲ್ಲ ಅಲ್ವಾ?

ಮೂರು, ಮೆಸೇಜ್‌ಗಳು ಬರ್ತಾನೇ ಇವೆ, ನಾನು ಹೆಚ್ಚು ಹಿಂದೆ ಬೀಳದೆ ನಡೆಯುತ್ತಿದ್ದೇನಾ? ಇದು ಮಾನಿಟರಿಂಗ್. ಇಲ್ಲಿ ಸೊನ್ನೆಗಾಗಿ ಕಾಯುವುದೇ ತಪ್ಪು. ಬಿಡುವಿಲ್ಲದ ಟಾಪಿಕ್‌ನಲ್ಲಿ ಲ್ಯಾಗ್ ಸೊನ್ನೆ ಆಗುವುದೇ ಅಪರೂಪ.

ಮೊದಲನೇ ಪ್ರಶ್ನೆಗೆ 2, 3 ಮತ್ತು 4ನೇ ಹಂತಗಳು ಸಾಕು. ಎರಡನೆಯದಕ್ಕೆ ಪ್ರೊಡ್ಯೂಸರ್ ನಿಲ್ಲಿಸಿ, ಬಫರ್‌ನಲ್ಲಿ ಉಳಿದದ್ದನ್ನು ಫ್ಲಶ್ ಮಾಡಿಸಿ, ಆಮೇಲೆ ಅದೇ ಹಂತಗಳನ್ನು ನಡೆಸಿ. ಮೂರನೆಯದಕ್ಕೆ ನೇರವಾಗಿ 7ಕ್ಕೆ ಹೋಗಿ.

ಹಂತ 2: ಗೆರೆ ಎಳೆದುಕೊಳ್ಳಿ

ಓಡುತ್ತಿರುವ ತುದಿಯನ್ನು ಅಟ್ಟಿಸಿಕೊಂಡು ಹೋಗಬೇಡಿ. ಶುರುವಿನಲ್ಲೇ ಪ್ರತಿ ಪಾರ್ಟಿಷನ್‌ನ ಎಂಡ್ ಆಫ್‌ಸೆಟ್ ಕೇಳಿ, ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಆ ಸಂಖ್ಯೆ ಬದಲಾಗಬಾರದು. ಅದೇ ನಿಮ್ಮ ಗೆರೆ. ಜಾವಾ ಕ್ಲೈಂಟ್‌ನಲ್ಲಿ ಎಂಡ್‌ಆಫ್‌ಸೆಟ್ಸ್ ಅನ್ನುವ ಮೆಥಡ್ ಇದನ್ನು ಕೊಡುತ್ತದೆ.

ಉದಾಹರಣೆಗೆ ಮೂರು ಪಾರ್ಟಿಷನ್ ಇವೆ ಅಂದುಕೊಳ್ಳಿ. ಗೆರೆ ಹೀಗಿದೆ: ಪಾರ್ಟಿಷನ್ 0ಕ್ಕೆ 1500, ಪಾರ್ಟಿಷನ್ 1ಕ್ಕೆ 1420, ಪಾರ್ಟಿಷನ್ 2ಕ್ಕೆ 0. ಕೊನೆಯದರಲ್ಲಿ ಇನ್ನೂ ಏನೂ ಬಂದಿಲ್ಲ. ಮೂರರಲ್ಲೂ ನಿಮ್ಮ ಸ್ಥಾನ ಗೆರೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಕೆಲಸ ಮುಗಿಯಿತು. ಅಷ್ಟರಲ್ಲಿ ಪಾರ್ಟಿಷನ್ 0 ಬೆಳೆದು 1900 ಆಗಿದ್ದರೂ ನಿಮಗೆ ಸಂಬಂಧ ಇಲ್ಲ.

ಇಲ್ಲಿ ಖಾಲಿ ಪಾರ್ಟಿಷನ್ ಒಂದು ಬಲೆ. "ಎಲ್ಲ ಪಾರ್ಟಿಷನ್‌ನಿಂದಲೂ ಒಂದಾದರೂ ಮೆಸೇಜ್ ಬರಲಿ" ಅಂತ ಕಾಯುವ ಕೋಡ್ ಪಾರ್ಟಿಷನ್ 2ರ ಹತ್ತಿರ ಸುಮ್ನೆ ನಿಂತುಬಿಡುತ್ತದೆ. ಇನ್ನೊಂದು ರೂಪವೂ ಇದೆ: ಹಳೆಯದೆಲ್ಲ ಅವಧಿ ಮುಗಿದು ಅಳಿಸಿಹೋದ ಪಾರ್ಟಿಷನ್‌ನಲ್ಲಿ ಎಂಡ್ ಆಫ್‌ಸೆಟ್ ಸೊನ್ನೆ ಇರುವುದಿಲ್ಲ, 8000 ಇರಬಹುದು, ಆದರೆ ಓದಲು ಒಂದೂ ಮೆಸೇಜ್ ಇರುವುದಿಲ್ಲ. ಆದ್ದರಿಂದ ಎಷ್ಟು ಮೆಸೇಜ್ ಬಂತು ಅಂತ ಎಣಿಸಬೇಡಿ. ಸ್ಥಾನ ಹೋಲಿಸಿ.

ಇದು ಹೊಸ ಉಪಾಯ ಏನಲ್ಲ. ಕಾಫ್ಕಾ ಕನೆಕ್ಟ್ ತನ್ನ ಒಳಗಿನ ಕಾನ್ಫಿಗ್ ಟಾಪಿಕ್ ಓದುವುದೂ ಹೀಗೆಯೇ: ಎಂಡ್ ಆಫ್‌ಸೆಟ್ ತೆಗೆದುಕೊಂಡು ಅಲ್ಲಿಗೆ ಮುಟ್ಟುವವರೆಗೆ ಪೋಲ್ ಮಾಡುತ್ತದೆ.

ಹಂತ 3: ಪೊಸಿಷನ್ ನೋಡಿ, ಖಾಲಿ ಪೋಲ್ ನಂಬಬೇಡಿ

ಪೋಲ್ ಖಾಲಿ ಬರಲು ಕಾರಣ ಹಲವು. ಗ್ರೂಪ್‌ಗೆ (ಪಾರ್ಟಿಷನ್‌ಗಳನ್ನು ಹಂಚಿಕೊಂಡು ಓದುವ ಕನ್ಸ್ಯೂಮರ್‌ಗಳ ಗುಂಪಿಗೆ) ಇನ್ನೂ ಪಾರ್ಟಿಷನ್ ಹಂಚಿಕೆ ಆಗಿಲ್ಲದಿರಬಹುದು. ಮೆಟಾಡೇಟಾ (ಯಾವ ಪಾರ್ಟಿಷನ್ ಎಲ್ಲಿದೆ ಅನ್ನುವ ಮಾಹಿತಿ) ಬಂದಿರದಿರಬಹುದು. ನೆಟ್‌ವರ್ಕ್ ನಿಧಾನ ಇದ್ದು ನೀವು ಕೊಟ್ಟ ಟೈಮ್‌ಔಟ್ ಒಳಗೆ ಉತ್ತರ ಬಾರದಿರಬಹುದು. ಪಾರ್ಟಿಷನ್ ಪಾಝ್ (pause) ಆಗಿರಬಹುದು, ಅಂದರೆ ಕೋಡೇ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿರಬಹುದು. "ಮೂರು ಸಲ ಖಾಲಿ ಬಂದರೆ ಮುಗಿಯಿತು" ಅಂತ ಬರೆದವರೂ ಇದ್ದಾರೆ. ಅದರಿಂದ ತಪ್ಪು ಅಪರೂಪ ಆಗುತ್ತದೆ, ಹೋಗುವುದಿಲ್ಲ. ಅಪರೂಪಕ್ಕೆ ಬರುವ ತಪ್ಪು ಹಿಡಿಯೋದು ಇನ್ನೂ ಕಷ್ಟ.

ಬದಲಿಗೆ ಪೊಸಿಷನ್ ಮೆಥಡ್ ಬಳಸಿ. ಮುಂದೆ ಯಾವ ಆಫ್‌ಸೆಟ್‌ನಿಂದ ಓದಬೇಕು ಅನ್ನೋದನ್ನ ಅದು ಹೇಳುತ್ತದೆ. ಲೂಪ್‌ನ ಕ್ರಮ ಹೀಗಿರಲಿ:

1. ಪೋಲ್ ಮಾಡಿ.
2. ಬಂದ ಮೆಸೇಜ್‌ಗಳನ್ನೆಲ್ಲ ಪ್ರೊಸೆಸ್ ಮಾಡಿ ಮುಗಿಸಿ.
3. ಪ್ರತಿ ಪಾರ್ಟಿಷನ್‌ನ ಪೊಸಿಷನ್ ಗೆರೆಗೆ ಸಮ ಅಥವಾ ಜಾಸ್ತಿ ಇದೆಯಾ ನೋಡಿ. ಎಲ್ಲದರಲ್ಲೂ ಇದ್ದರೆ ಹೊರಗೆ ಬನ್ನಿ.
4. ಇಲ್ಲದಿದ್ದರೆ ಮತ್ತೆ 1. ಪೋಲ್ ಖಾಲಿ ಬಂದಿದ್ದರೂ 3ನ್ನು ಬಿಡಬೇಡಿ.

2 ಮತ್ತು 3ರ ಜಾಗ ಅದಲುಬದಲು ಮಾಡಬೇಡಿ. ಪೋಲ್ ಮೆಸೇಜ್‌ಗಳನ್ನು ಕೈಗೆ ಕೊಟ್ಟ ತಕ್ಷಣ ಪೊಸಿಷನ್ ಅವುಗಳನ್ನು ದಾಟಿ ಮುಂದೆ ಹೋಗಿರುತ್ತದೆ. ನಿಮ್ಮ ಕೋಡ್ ಅವುಗಳಲ್ಲಿ ಒಂದನ್ನೂ ಮುಟ್ಟಿರುವುದಿಲ್ಲ. ಡೀಫಾಲ್ಟ್‌ನಲ್ಲಿ ಒಂದು ಪೋಲ್‌ಗೆ 500 ಮೆಸೇಜ್‌ವರೆಗೆ ಬರಬಹುದು, ಹಾಗಾಗಿ ಕೊನೆಯ 500 ಮೆಸೇಜ್ ಬಾಕಿ ಇರುವಾಗಲೇ "ರೆಡಿ" ಅಂತ ಘೋಷಿಸಿಬಿಡುತ್ತೀರಿ.

ಸಮ ಅಥವಾ ಜಾಸ್ತಿ ಅಂದದ್ದಕ್ಕೂ ಕಾರಣ ಇದೆ. "ಆಫ್‌ಸೆಟ್ 1499 ಇರುವ ಮೆಸೇಜ್ ಬಂದರೆ ಪಾರ್ಟಿಷನ್ 0 ಮುಗಿಯಿತು" ಅಂತ ಬರೆಯೋದು ಸಹಜ ಅನಿಸುತ್ತದೆ. ಆದರೆ ಪ್ರೊಡ್ಯೂಸರ್ ಟ್ರಾನ್ಸಾಕ್ಷನ್ (ಹಲವು ಮೆಸೇಜ್‌ಗಳು ಒಟ್ಟಿಗೆ ಕಮಿಟ್ ಆಗುವ ಅಥವಾ ಒಟ್ಟಿಗೆ ರದ್ದಾಗುವ ಕಟ್ಟು) ಬಳಸುತ್ತಿದ್ದರೆ, ಟ್ರಾನ್ಸಾಕ್ಷನ್ ಮುಗಿದದ್ದಕ್ಕೆ ಗುರುತಾಗಿ ಕಾಫ್ಕಾ ಒಂದು ಕಂಟ್ರೋಲ್ ದಾಖಲೆ ಬರೆಯುತ್ತದೆ. ಅದು ಕೂಡ ಒಂದು ಆಫ್‌ಸೆಟ್ ತಿನ್ನುತ್ತದೆ, ಆದರೆ ನಿಮ್ಮ ಕೋಡ್‌ಗೆ ಕಾಣಿಸುವುದಿಲ್ಲ. ಕೊನೆಯ ನಿಜವಾದ ಮೆಸೇಜ್ 1498, ಕಂಟ್ರೋಲ್ ದಾಖಲೆ 1499, ಎಂಡ್ ಆಫ್‌ಸೆಟ್ 1500. ಈಗ 1499ಕ್ಕಾಗಿ ಕಾಯುವ ಲೂಪ್ ಯಾವತ್ತೂ ಮುಗಿಯಲ್ಲ. ಪೊಸಿಷನ್ ಮಾತ್ರ ಆ ದಾಖಲೆಯನ್ನೂ ದಾಟಿ 1500 ಆಗುತ್ತದೆ, ಕೆಲವೊಮ್ಮೆ ಅದಕ್ಕೆ ಇನ್ನೊಂದು ಖಾಲಿ ಪೋಲ್ ಬೇಕಾಗುತ್ತದೆ. ಲಾಗ್ ಕಂಪ್ಯಾಕ್ಷನ್, ಅಂದರೆ ಒಂದೇ ಕೀ ಇರುವ ಹಳೆಯ ಮೆಸೇಜ್‌ಗಳನ್ನು ತೆಗೆದುಹಾಕುವ ಕೆಲಸವೂ ಆಫ್‌ಸೆಟ್‌ಗಳ ನಡುವೆ ಇಂಥ ತೂತುಗಳನ್ನು ಬಿಡುತ್ತದೆ.

ಟ್ರಾನ್ಸಾಕ್ಷನ್ ಇರುವ ಕಡೆ ಇನ್ನೊಂದು ಎಚ್ಚರಿಕೆ. ಕಮಿಟ್ ಆದ ಟ್ರಾನ್ಸಾಕ್ಷನ್ ಮಾತ್ರ ಓದುವ, ರೀಡ್ ಕಮಿಟೆಡ್ ಅನ್ನುವ ಸೆಟ್ಟಿಂಗ್ ನಿಮ್ಮ ಕನ್ಸ್ಯೂಮರ್‌ನಲ್ಲಿ ಇದ್ದರೆ, ಗೆರೆಯನ್ನೂ ಅದೇ ಕನ್ಸ್ಯೂಮರ್‌ನಿಂದಲೇ ಕೇಳಿ. ಆಗ ಇನ್ನೂ ತೆರೆದಿರುವ ಟ್ರಾನ್ಸಾಕ್ಷನ್‌ಗಿಂತ ಹಿಂದಿನ ಸಂಖ್ಯೆ ಸಿಗುತ್ತದೆ. ಹೊರಗಿನ ಟೂಲ್‌ನಿಂದ ಗೆರೆ ತಂದರೆ ಅದು ತೆರೆದ ಟ್ರಾನ್ಸಾಕ್ಷನ್ ಆಚೆಗಿನ ಸಂಖ್ಯೆ ಹೇಳಬಹುದು. ಪ್ರೊಡ್ಯೂಸರ್ ಆ ಟ್ರಾನ್ಸಾಕ್ಷನ್ ಮುಗಿಸುವವರೆಗೆ ನೀವು ಅಲ್ಲೇ ನಿಂತಿರುತ್ತೀರಿ.

ಪೈಥಾನ್, ಸಿ, ಗೋ ಭಾಷೆಗಳಲ್ಲಿ ಲಿಬ್‌ಆರ್‌ಡಿಕಾಫ್ಕಾ ಆಧಾರದ ಕ್ಲೈಂಟ್ ಬಳಸುವವರಿಗೆ ಇನ್ನೊಂದು ದಾರಿ ಇದೆ. ಎನೇಬಲ್.ಪಾರ್ಟಿಷನ್.ಇಒಎಫ್ ಸೆಟ್ಟಿಂಗ್ ಆನ್ ಮಾಡಿದರೆ ಪಾರ್ಟಿಷನ್‌ನ ಕೊನೆ ಮುಟ್ಟಿದಾಗ ಒಂದು ಸೂಚನೆ ಬರುತ್ತದೆ. 1.0 ಆವೃತ್ತಿಯಿಂದ ಇದು ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಹಾಗಾಗಿ "ನನಗೆ ಬರ್ತಾನೇ ಇಲ್ಲ" ಅನ್ನುವವರು ಮೊದಲು ಅದನ್ನು ನೋಡಿ. ಈ ಸೂಚನೆ ಒಂದೊಂದು ಪಾರ್ಟಿಷನ್‌ಗೂ ಬೇರೆ ಬೇರೆ ಬರುತ್ತದೆ. ಮೊದಲನೆಯದು ಬಂದ ಕೂಡಲೇ ನಿಲ್ಲಿಸಿದರೆ ಉಳಿದ ಪಾರ್ಟಿಷನ್‌ಗಳು ಅರ್ಧಕ್ಕೇ ಉಳಿಯುತ್ತವೆ.

ಹಂತ 4: ಓದಿದ್ದು ಬೇರೆ, ಮುಗಿಸಿದ್ದು ಬೇರೆ

ಮೇಲಿನ ಲೂಪ್ ಒಂದೇ ಥ್ರೆಡ್‌ನಲ್ಲಿ ಎಲ್ಲ ನಡೆಯುವಾಗ ಸರಿ. ಮೆಸೇಜ್‌ಗಳನ್ನು ಥ್ರೆಡ್ ಪೂಲ್‌ಗೆ ಕೊಟ್ಟು ಮುಂದೆ ಹೋಗುವ ಕೋಡ್ ನಿಮ್ಮದಾಗಿದ್ದರೆ ಪೊಸಿಷನ್ ಏನನ್ನೂ ಸಾಬೀತು ಮಾಡುವುದಿಲ್ಲ. ಆಗ ಪ್ರತಿ ಪಾರ್ಟಿಷನ್‌ಗೆ ನಡುವೆ ಬಿಡದೆ ಎಲ್ಲಿಯವರೆಗೆ ಮುಗಿದಿದೆ ಅನ್ನುವ ಲೆಕ್ಕವನ್ನು ನೀವೇ ಇಟ್ಟುಕೊಳ್ಳಬೇಕು. 10, 11, 13 ಮುಗಿದು 12 ಇನ್ನೂ ನಡೆಯುತ್ತಿದ್ದರೆ ನಿಮ್ಮ ಲೆಕ್ಕ 12ರಲ್ಲೇ ಇರಬೇಕು. ಗೆರೆಯನ್ನು ಆ ಲೆಕ್ಕದ ಜೊತೆ ಹೋಲಿಸಿ, ಕಮಿಟ್ ಮಾಡುವುದೂ ಆ ಸಂಖ್ಯೆಯನ್ನೇ.

ಆಟೋ ಕಮಿಟ್ ಇಲ್ಲಿ ಸರಿಯಾಗಿ ಕೈಕೊಡುತ್ತದೆ. ಅದು ಡೀಫಾಲ್ಟ್ ಆಗಿ ಆನ್ ಇದ್ದು, 5 ಸೆಕೆಂಡಿಗೊಮ್ಮೆ, ಪೋಲ್ ಆಗಲೇ ಕೊಟ್ಟಿರುವ ಮೆಸೇಜ್‌ಗಳನ್ನು ಮುಗಿದವು ಅಂತ ಗುರುತು ಹಾಕುತ್ತದೆ. ನಿಮ್ಮ ಪೂಲ್‌ನಲ್ಲಿ ಅವು ಇನ್ನೂ ಕಾಯುತ್ತಿದ್ದರೂ ಲ್ಯಾಗ್ ಸೊನ್ನೆ ಅಂತ ಕಾಣಿಸುತ್ತದೆ.

ಗ್ರೂಪ್‌ನಲ್ಲಿ ಹಲವು ಕನ್ಸ್ಯೂಮರ್‌ಗಳಿದ್ದರೆ ಒಬ್ಬೊಬ್ಬರೂ ತಮ್ಮ ಪಾಲಿನ ಗೆರೆ ಇಟ್ಟುಕೊಳ್ಳುವುದು ಬೇಡ. ರೀಬ್ಯಾಲೆನ್ಸ್ ಆದಾಗ ಪಾರ್ಟಿಷನ್‌ಗಳು ಮರುಹಂಚಿಕೆಯಾಗಿ ಲೆಕ್ಕ ಕಲಸಿಹೋಗುತ್ತದೆ. ಹೊರಗಿನಿಂದ ಒಂದು ಚಿಕ್ಕ ಪ್ರೋಗ್ರಾಂ ಇಡೀ ಟಾಪಿಕ್‌ನ ಗೆರೆ ತೆಗೆದುಕೊಂಡು, ಗ್ರೂಪ್‌ನ ಕಮಿಟ್ ಆದ ಆಫ್‌ಸೆಟ್‌ಗಳ ಜೊತೆ ಹೋಲಿಸಲಿ. ಹೀಗೆ ಮಾಡುವಾಗ ಒಂದು ಕಡೆ ಎಡವುವುದು ಖಂಡಿತ: ಒಮ್ಮೆಯೂ ಕಮಿಟ್ ಆಗದ ಪಾರ್ಟಿಷನ್‌ಗೆ ಬ್ರೋಕರ್ ಯಾವ ಸಂಖ್ಯೆಯನ್ನೂ ಕೊಡುವುದಿಲ್ಲ. ಕಮಾಂಡ್ ಲೈನ್ ಟೂಲ್‌ನಲ್ಲಿ ಅಲ್ಲಿ ಬರೀ ಅಡ್ಡಗೆರೆ ಕಾಣುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನು ಕೂಡಿದರೆ ಮೊತ್ತ ಸೊನ್ನೆ ಬರುತ್ತದೆ, ನಿಜವಾಗಿ ಇಡೀ ಪಾರ್ಟಿಷನ್ ಬಾಕಿ ಇರುತ್ತದೆ. ಮೊದಲ ಆಫ್‌ಸೆಟ್ ಮತ್ತು ಗೆರೆ ಒಂದೇ ಆಗಿದ್ದರೆ ಮಾತ್ರ ಅದನ್ನು ಮುಗಿದದ್ದು ಅಂತ ಎಣಿಸಿ, ಇಲ್ಲದಿದ್ದರೆ ಬಾಕಿ ಅಂತಲೇ ಹಿಡಿಯಿರಿ.

ಹಂತ 5: ಬೇರೆ ಬ್ರೋಕರ್‌ಗಳಲ್ಲಿ ಯಾವ ಸಂಖ್ಯೆ ನೋಡಬೇಕು

ರ್ಯಾಬಿಟ್‌ಎಂಕ್ಯೂನಲ್ಲಿ ಆಫ್‌ಸೆಟ್ ಇಲ್ಲ (ಸ್ಟ್ರೀಮ್ ಬಿಟ್ಟು). ಅಲ್ಲಿ ಎರಡು ಸಂಖ್ಯೆಗಳಿವೆ: ರೆಡಿ, ಅಂದರೆ ಇನ್ನೂ ಯಾರಿಗೂ ಕೊಡದ ಮೆಸೇಜ್‌ಗಳು. ಅನ್‌ಆ್ಯಕ್ಡ್, ಅಂದರೆ ಕನ್ಸ್ಯೂಮರ್ ಕೈಗೆ ಹೋಗಿ ಇನ್ನೂ ಸ್ವೀಕೃತಿ ಬಾರದವು. ಎರಡೂ ಸೊನ್ನೆ ಆಗಬೇಕು. ಪ್ರಿಫೆಚ್ ಮಿತಿ (ಸ್ವೀಕೃತಿ ಬರುವ ಮುಂಚೆ ಎಷ್ಟು ಮೆಸೇಜ್ ಕೊಡಬಹುದು ಅನ್ನುವ ಮಿತಿ) ಹಾಕದಿದ್ದರೆ ಕ್ಯೂನಲ್ಲಿ ಇದ್ದದ್ದೆಲ್ಲ ಒಂದೇ ಸಲ ಕನ್ಸ್ಯೂಮರ್ ಮೆಮೊರಿಗೆ ಹೋಗಿ, ರೆಡಿ ಕ್ಷಣದಲ್ಲಿ ಸೊನ್ನೆ ಆಗಿಬಿಡಬಹುದು. ಪ್ಯಾಸಿವ್ ಡಿಕ್ಲೇರ್ (ಕ್ಯೂ ಇದೆಯಾ ಅಂತ ಬ್ರೋಕರ್ ಅನ್ನು ಕೇಳುವ ಕರೆ) ಕೊಡುವ ಮೆಸೇಜ್ ಸಂಖ್ಯೆಯೂ ರೆಡಿ ಮಾತ್ರ, ಅನ್‌ಆ್ಯಕ್ಡ್ ಅದರಲ್ಲಿ ಸೇರಿಲ್ಲ. ಆಟೋ ಆ್ಯಕ್ ಬಳಸುತ್ತಿದ್ದರೆ ಬ್ರೋಕರ್‌ನಿಂದ ಏನೂ ತಿಳಿಯುವುದಿಲ್ಲ. ಕಳಿಸಿದ ಕೂಡಲೇ ಅದರ ಲೆಕ್ಕದಲ್ಲಿ ಕೆಲಸ ಮುಗಿದಂತೆ. ಮ್ಯಾನೇಜ್‌ಮೆಂಟ್ ಪುಟದ ಅಂಕಿಗಳು ಡೀಫಾಲ್ಟ್‌ನಲ್ಲಿ 5 ಸೆಕೆಂಡಿಗೊಮ್ಮೆ ಸಂಗ್ರಹವಾಗುತ್ತವೆ, ಟೆಸ್ಟ್‌ನಲ್ಲಿ ಅದನ್ನೇ ಓದಿದರೆ ಹಳೆಯ ಸೊನ್ನೆ ಸಿಗಬಹುದು.

ಎಸ್‌ಕ್ಯೂಎಸ್‌ನಲ್ಲಿ ಮೂರು ಅಂಕಿ ನೋಡಬೇಕು: ಕಾಣುವ ಮೆಸೇಜ್‌ಗಳು, ಕಾಣದವು (ಯಾರೋ ತೆಗೆದುಕೊಂಡು ಇನ್ನೂ ಅಳಿಸದವು), ತಡವಾಗಿ ಬರಲಿರುವವು. ಮೂರರ ಹೆಸರಲ್ಲೂ "ಅಪ್ರಾಕ್ಸಿಮೇಟ್" ಅಂತ ಇದೆ, ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಪ್ರೊಡ್ಯೂಸರ್ ನಿಲ್ಲಿಸಿದ ಮೇಲೆ ಅಂಕಿಗಳು ಸರಿಹೊಂದಲು ಕನಿಷ್ಠ 1 ನಿಮಿಷ ಬೇಕು. ಮೂರೂ ಕೆಲವು ನಿಮಿಷ ಸತತವಾಗಿ ಸೊನ್ನೆ ಇದ್ದರೆ ಮಾತ್ರ ಖಾಲಿ ಅನ್ನಿ. ಶಾರ್ಟ್ ಪೋಲಿಂಗ್ ಕೆಲವು ಸರ್ವರ್‌ಗಳನ್ನು ಮಾತ್ರ ಕೇಳುವುದರಿಂದ ಮೆಸೇಜ್ ಇದ್ದರೂ ಖಾಲಿ ಉತ್ತರ ಬರಬಹುದು. ಲಾಂಗ್ ಪೋಲಿಂಗ್ ಬಳಸಿ, 20 ಸೆಕೆಂಡಿನವರೆಗೆ ಕಾಯಬಹುದು.

ನ್ಯಾಟ್ಸ್ ಜೆಟ್‌ಸ್ಟ್ರೀಮ್‌ನಲ್ಲಿ ಕೆಲಸ ಸುಲಭ. ಕನ್ಸ್ಯೂಮರ್ ಮಾಹಿತಿಯಲ್ಲಿ ಇನ್ನೂ ಕೊಡಬೇಕಾದವು, ಕೊಟ್ಟು ಸ್ವೀಕೃತಿ ಬಾರದವು ಎರಡೂ ಬೇರೆ ಬೇರೆ ಸಿಗುತ್ತವೆ. ರೆಡಿಸ್ ಸ್ಟ್ರೀಮ್‌ನಲ್ಲಿ 7.0 ಆವೃತ್ತಿಯಿಂದ ಗ್ರೂಪ್‌ನ ಲ್ಯಾಗ್ ನೇರವಾಗಿ ಸಿಗುತ್ತದೆ. ಆದರೆ ಸ್ಟ್ರೀಮ್ ನಡುವಿನಿಂದ ಏನಾದರೂ ಅಳಿಸಿದ್ದರೆ ಅದು ಖಾಲಿ ಮೌಲ್ಯ ಬರಬಹುದು, ಖಾಲಿಯನ್ನು ಸೊನ್ನೆ ಅಂತ ಓದಬೇಡಿ. ಕೊಟ್ಟು ಸ್ವೀಕೃತಿ ಬಾರದವುಗಳ ಪೆಂಡಿಂಗ್ ಪಟ್ಟಿಯನ್ನೂ ಬೇರೆಯಾಗಿ ನೋಡಿ.

ಬ್ರೋಕರ್ ಯಾವುದಾದರೂ ರೀಟ್ರೈ ಕ್ಯೂ ಮರೆಯಬೇಡಿ. ಮುಖ್ಯ ಕ್ಯೂ ಖಾಲಿ ಆಗಿ, ಹತ್ತು ನಿಮಿಷ ಬಿಟ್ಟು ವಾಪಸ್ ಬರಲಿರುವ ಮೆಸೇಜ್‌ಗಳು ಪಕ್ಕದ ಕ್ಯೂನಲ್ಲಿ ಕೂತಿರಬಹುದು. ಡೆಡ್ ಲೆಟರ್ ಕ್ಯೂಗೆ, ಅಂದರೆ ಎಷ್ಟು ಸಲ ಪ್ರಯತ್ನಿಸಿದರೂ ಆಗದ ಮೆಸೇಜ್‌ಗಳ ಜಾಗಕ್ಕೆ ಹೋದವು ನಿಮ್ಮ ದೃಷ್ಟಿಯಲ್ಲಿ ಮುಗಿದವಾ, ಬಾಕಿಯಾ? ಅದನ್ನು ಮೊದಲೇ ತೀರ್ಮಾನಿಸಿ.

ಹಂತ 6: ಗುರುತಿನ ಮೆಸೇಜ್ (ಬೇಕಾದರೆ ಮಾತ್ರ)

ಪ್ರೊಡ್ಯೂಸರ್ ನಿಮ್ಮ ಹಿಡಿತದಲ್ಲೇ ಇದ್ದರೆ ಇನ್ನೊಂದು ವಿಧಾನ ಇದೆ. ಕೊನೆಯಲ್ಲಿ ಒಂದು ವಿಶೇಷ ಮೆಸೇಜ್ ಕಳಿಸಿ, ಕನ್ಸ್ಯೂಮರ್ ಅದನ್ನು ಕಂಡಾಗ ಹಿಂದಿನದೆಲ್ಲ ಮುಗಿಯಿತು ಅಂತ ತಿಳಿಯಬಹುದು. ಕಾಫ್ಕಾದಲ್ಲಿ ಪಾರ್ಟಿಷನ್‌ಗೊಂದು ಕಳಿಸಬೇಕು. ಕ್ರಮ ಗ್ಯಾರಂಟಿ ಇಲ್ಲದ ಕಡೆ, ಉದಾಹರಣೆಗೆ ಎಸ್‌ಕ್ಯೂಎಸ್ ಸ್ಟ್ಯಾಂಡರ್ಡ್ ಕ್ಯೂನಲ್ಲಿ, ಈ ವಿಧಾನ ಕೆಲಸಕ್ಕೆ ಬಾರದು. ಪ್ರತಿ ಸಲ ಹೊಸ ಗುರುತುಸಂಖ್ಯೆ ಹಾಕಿ, ಇಲ್ಲದಿದ್ದರೆ ಹಿಂದಿನ ಓಟದ ಗುರುತನ್ನೇ ನೋಡಿ ಮೋಸಹೋಗುತ್ತೀರಿ. ಅದೇ ಟಾಪಿಕ್ ಓದುವ ಬೇರೆ ಟೀಮ್‌ಗಳಿಗೆ ತಿಳಿಸದೆ ಮಾತ್ರ ಕಳಿಸಬೇಡಿ. ಅವರ ಕೋಡ್‌ಗೆ ಅದು ಅರ್ಥವಾಗದ ಕಸ. ನನ್ನ ಕೇಳಿದರೆ, ಆಫ್‌ಸೆಟ್ ಸಿಗುವ ಕಡೆ ಈ ಗೊಡವೆಯೇ ಬೇಡ.

ಹಂತ 7: ನಿಲ್ಲದ ಟಾಪಿಕ್‌ಗೆ ಮಿತಿ ಇಡಿ

ಮಾನಿಟರಿಂಗ್‌ಗೆ ಮೆಸೇಜ್ ಎಣಿಕೆಗಿಂತ ಸಮಯ ಒಳ್ಳೆಯದು. 10,000 ಲ್ಯಾಗ್ ಅಂದರೆ ಒಬ್ಬರಿಗೆ ಅರ್ಧ ಸೆಕೆಂಡ್, ಇನ್ನೊಬ್ಬರಿಗೆ ಅರ್ಧ ದಿನ. ಕೊನೆಗೆ ಮುಗಿಸಿದ ಮೆಸೇಜ್‌ನ ಸಮಯ ಮತ್ತು ಈಗಿನ ಸಮಯದ ನಡುವಿನ ಅಂತರ ನೋಡಿ. ಆದರೆ ಅದೊಂದನ್ನೇ ನೋಡಿದರೆ, ರಾತ್ರಿ ಯಾರೂ ಮೆಸೇಜ್ ಕಳಿಸದಿದ್ದಾಗ ಅಂತರ ಬೆಳೆಯುತ್ತಾ ಹೋಗಿ ಸುಮ್ಸುಮ್ನೆ ಅಲಾರಂ ಬಡಿಯುತ್ತದೆ. ಆಫ್‌ಸೆಟ್ ಲ್ಯಾಗ್ ಸೊನ್ನೆ ಇದ್ದರೆ ಸಮಯದ ಅಂತರವನ್ನೂ ಸೊನ್ನೆ ಅಂತ ತೆಗೆದುಕೊಳ್ಳಿ. ಎರಡು ಯಂತ್ರಗಳ ಗಡಿಯಾರ ಸ್ವಲ್ಪ ಹಿಂದೆಮುಂದೆ ಇರಬಹುದು, ಮೈನಸ್ ಅಂಕಿ ಬಂದರೆ ಗಾಬರಿ ಬೇಡ.

"ಇನ್ನೆಷ್ಟು ಹೊತ್ತು?" ಅಂತ ಮ್ಯಾನೇಜರ್ ಕೇಳಿದಾಗ ಲೆಕ್ಕ ಹೀಗೆ: ಬಾಕಿ 6,00,000 ಇದೆ, ಕನ್ಸ್ಯೂಮರ್ ಸೆಕೆಂಡಿಗೆ 500 ಮುಗಿಸುತ್ತದೆ. 20 ನಿಮಿಷ ಅಂತ ಹೇಳಿಬಿಡಬೇಡಿ. ಅದೇ ಹೊತ್ತಿಗೆ ಸೆಕೆಂಡಿಗೆ 300 ಹೊಸದು ಬರುತ್ತಿದ್ದರೆ ನಿಜವಾಗಿ ಕರಗುವುದು 200 ಮಾತ್ರ. 3,000 ಸೆಕೆಂಡ್, ಅಂದರೆ 50 ನಿಮಿಷ. ಬರುವ ವೇಗವೇ ಜಾಸ್ತಿ ಇದ್ದರೆ ಯಾವತ್ತೂ ಮುಗಿಯಲ್ಲ, ಕಾಯುವ ಬದಲು ಕನ್ಸ್ಯೂಮರ್ ಹೆಚ್ಚಿಸಿ. ಕಾಫ್ಕಾ ಗ್ರೂಪ್‌ನಲ್ಲಿ ಪಾರ್ಟಿಷನ್‌ಗಿಂತ ಜಾಸ್ತಿ ಕನ್ಸ್ಯೂಮರ್ ಹಾಕಿದರೆ ಹೆಚ್ಚುವರಿ ಆದವು ಖಾಲಿ ಕೂರುತ್ತವೆ ಅನ್ನೋದು ಗಮನದಲ್ಲಿರಲಿ.

ಹಂತ 8: ಫಲಿತಾಂಶವನ್ನು ಬಳಸುವಾಗ

ಸರ್ವಿಸ್ ರೆಡಿ ಅಂತ ಘೋಷಿಸಲು ಇದನ್ನು ಬಳಸುವುದಾದರೆ, ಒಮ್ಮೆ ರೆಡಿ ಆದ ಮೇಲೆ ಹಾಗೆಯೇ ಇರಲಿ. ಲ್ಯಾಗ್ ಏರಿದಾಗಲೆಲ್ಲ "ರೆಡಿ ಇಲ್ಲ" ಅಂತ ಬದಲಾದರೆ, ಲೋಡ್ ಹೆಚ್ಚಾದ ಹೊತ್ತಲ್ಲೇ ಎಲ್ಲ ಇನ್‌ಸ್ಟನ್ಸ್‌ಗಳೂ ಒಟ್ಟಿಗೆ ಟ್ರಾಫಿಕ್‌ನಿಂದ ಹೊರಬೀಳುತ್ತವೆ. ಲ್ಯಾಗ್ ಏರಿದ್ದಕ್ಕೆ ಅಲಾರಂ ಬೇರೆ ಇರಲಿ.

ಕಾಯುವುದಕ್ಕೆ ಗಡುವು ಇಡಿ. ಗಡುವು ಮೀರಿದರೆ "ಟೈಮ್‌ಔಟ್" ಅಂತಷ್ಟೇ ಬರೆದು ಸಾಯುವ ಕೋಡ್‌ನಿಂದ ಯಾರಿಗೂ ಉಪಯೋಗ ಇಲ್ಲ. "ಪಾರ್ಟಿಷನ್ 1: ಪೊಸಿಷನ್ 1388, ಗೆರೆ 1420, ಕೊನೆಯ ಪೋಲ್ ಖಾಲಿ" ಅಂತ ಲಾಗ್‌ನಲ್ಲಿ ಇದ್ದರೆ ಅರ್ಧ ಕಾರಣ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಈ ಕೋಡನ್ನೇ ಟೆಸ್ಟ್ ಮಾಡಿ. ಒಂದು ಪಾರ್ಟಿಷನ್ ಪೂರ್ತಿ ಖಾಲಿ ಬಿಡಿ. ಇನ್ನೊಂದರಲ್ಲಿ ಕೊನೆಯ ಟ್ರಾನ್ಸಾಕ್ಷನ್ ಅನ್ನು ಕಮಿಟ್ ಮಾಡದೆ ರದ್ದು ಮಾಡಿ. ಪ್ರೊಸೆಸ್ ಮಾಡುವ ಜಾಗದಲ್ಲಿ ಬೇಕಂತಲೇ 2 ಸೆಕೆಂಡ್ ತಡ ಹಾಕಿ. ಓದುತ್ತಿರುವಾಗಲೇ ಎರಡನೇ ಕನ್ಸ್ಯೂಮರ್ ಸೇರಿಸಿ ರೀಬ್ಯಾಲೆನ್ಸ್ ಮಾಡಿಸಿ. ಕೋಡ್ "ಮುಗಿಯಿತು" ಅಂದ ಕ್ಷಣದಲ್ಲಿ ಡೇಟಾಬೇಸ್‌ನಲ್ಲಿರುವ ಸಾಲುಗಳನ್ನು ಎಣಿಸಿ, ನೀವು ಕಳಿಸಿದ ಸಂಖ್ಯೆಯ ಜೊತೆ ಹೋಲಿಸಿ. ರದ್ದಾದ ಟ್ರಾನ್ಸಾಕ್ಷನ್‌ನ ಮೆಸೇಜ್‌ಗಳು ರೀಡ್ ಕಮಿಟೆಡ್ ಕನ್ಸ್ಯೂಮರ್‌ಗೆ ಬರುವುದಿಲ್ಲ, ಅವನ್ನು ಲೆಕ್ಕದಿಂದ ಬಿಡಿ. ರೀಬ್ಯಾಲೆನ್ಸ್ ನಂತರ ಕೆಲವು ಮೆಸೇಜ್ ಎರಡು ಸಲ ಬರಬಹುದು, ಆದ್ದರಿಂದ ಎಣಿಸುವಾಗ ಮೆಸೇಜ್‌ನ ಐಡಿ ನೋಡಿ ಎಣಿಸಿ.